ತೂಗುಮಣೆ ಇಳಿಸುವ ಶನಿವಾರ

ಮೇ ತಿಂಗಳ ಒಂದು ಶನಿವಾರ ನಮ್ಮ ಮನೆಯಲ್ಲಿ ತೂಗುಮಣೆ ಇಳಿಸುತ್ತೇವೆ. ಹೊರಗೆ ಸುಡುಬಿಸಿಲು, ಆಕಾಶದಲ್ಲಿ ಒಂದು ತುಣುಕು ಮೋಡ ಇರುವುದಿಲ್ಲ. ಬೆವರು ಸುರಿಸಿಕೊಂಡು ಇಳಿಸಿ, ಒಳಗೆ ಸಾಗಿಸಿ, ಊಟ ಮಾಡಿ, ಸಂಜೆ ಮತ್ತೆ ಅದೇ ಕೊಕ್ಕೆಗೆ ನೇತು ಹಾಕುತ್ತೇವೆ. ನೋಡಿದವರು ಇವರಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಕು. ಅದು ಹರಿಕೇನ್ ಅನ್ನುವ ಚಂಡಮಾರುತ ಬರುವ ಮೊದಲಿನ ನಮ್ಮ ತಾಲೀಮು.

ನಾವಿರುವುದು ಫ್ಲೋರಿಡಾದಲ್ಲಿ. ಟ್ಯಾಂಪಾದಿಂದ ಉತ್ತರಕ್ಕೆ, ವೆಸ್ಲಿ ಚಾಪೆಲ್ ಅನ್ನುವ ಕಡೆ. ಗಲ್ಫ್ ತೀರಕ್ಕೆ, ಅಂದರೆ ಮೆಕ್ಸಿಕೋ ಕೊಲ್ಲಿಯ ತೀರಕ್ಕೆ, ಕಾರಿನಲ್ಲಿ ಸುಮಾರು ಒಂದು ಗಂಟೆ. ಸಮುದ್ರದ ನೀರು ನಮ್ಮ ಮನೆಯ ತನಕ ಬರುವುದಿಲ್ಲ, ಆದರೆ ಗಾಳಿಗೆ ಅಂಥ ಗಡಿಯೇನೂ ಇಲ್ಲ. ಇಲ್ಲಿ ಹರಿಕೇನ್ ಕಾಲ ಜೂನ್ 1ಕ್ಕೆ ಶುರುವಾಗಿ ನವೆಂಬರ್ 30ಕ್ಕೆ ಮುಗಿಯುತ್ತದೆ. ಅದರ ಜೋರೆಲ್ಲ ಸೆಪ್ಟೆಂಬರ್ 10ರ ಆಚೀಚೆ. ಊರಿನಲ್ಲಿ ಅಮ್ಮನಿಗೆ ತಾರೀಖು ನೆನಪಿರುವುದಿಲ್ಲ. ಹಾಗಾಗಿ ‘ಗಣಪತಿ ಹಬ್ಬದಿಂದ ದಸರಾ ತನಕ ನಮಗೋಸ್ಕರ ಒಂದು ದೀಪ ಜಾಸ್ತಿ ಹಚ್ಚು’ ಅಂತ ಹೇಳಿಟ್ಟಿದ್ದೇನೆ.

ಈ ಕಡೆಯ ಮನೆಗಳ ಹಿಂದೆ ಲನಾಯ್ ಅಂತ ಒಂದು ಜಾಗ ಇರುತ್ತದೆ. ಹವಾಯಿಯಿಂದ ಬಂದ ಮಾತಂತೆ. ಅರ್ಧಕ್ಕೆ ಮನೆಯದೇ ಮಾಡು, ಉಳಿದರ್ಧಕ್ಕೆ ಅಲ್ಯುಮಿನಿಯಂ ಕಂಬಗಳಿಗೆ ಬಿಗಿದ ಜಾಲರಿ. ಅದರಾಚೆ ಕಲ್ಲು ಹಾಸಿದ ಪ್ಯಾಟಿಯೋ, ಅದರಾಚೆ ಹುಲ್ಲು. 2023ರಲ್ಲಿ ತೀರ್ಥಹಳ್ಳಿಯಿಂದ ಅಪ್ಪ ಬಂದವರು ಒಂದು ಸುತ್ತು ಹಾಕಿ, ‘ಇದು ನಮ್ಮ ಜಗಲಿಯೇ ಅಲ್ವನೇ, ಸೊಳ್ಳೆಪರದೆ ಕಟ್ಟಿದ್ದಾರೆ ಅಷ್ಟೆ’ ಅಂದರು. ಅಲ್ಲಿಗೆ ಲನಾಯ್‌ನ ವಿಷಯ ಅವರಿಗೆ ಮುಗಿಯಿತು. ಬೆಳಿಗ್ಗೆ ಕಾಫಿ, ಸಂಜೆ ಕಾಫಿ ಎರಡೂ ತೂಗುಮಣೆಯ ಮೇಲೆಯೇ.

ಆ ತೂಗುಮಣೆ ನಮ್ಮವರ ಮೈಸೂರಿನ ಮನೆಯದು. ಹಲಸಿನ ಹಲಗೆ, ಹಿತ್ತಾಳೆ ಸರಪಳಿ. ಹಡಗಿನಲ್ಲಿ ಬಂತು. ಇಬ್ಬರು ಹಿಡಿದರೂ ಸೊಂಟ ಹಿಡಿಯುವಷ್ಟು ಭಾರ. ಇಷ್ಟು ಭಾರದ್ದು ಗಾಳಿಗೆ ಏನಾಗುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಹಾರುವುದಿಲ್ಲ, ನಿಜ. ಆದರೆ ನಾಲ್ಕು ಸರಪಳಿಯಲ್ಲಿ ನೇತಾಡುವ ಹಲಗೆಗೆ ಗಾಳಿ ಜೀಕು ಕೊಟ್ಟರೆ ಅದು ಪಕ್ಕದ ಗಾಜಿನ ಬಾಗಿಲನ್ನು ಗುದ್ದುವ ದಿಮ್ಮಿ ಆಗುತ್ತದೆ.

ಇದೆಲ್ಲ ಮೊದಲೇ ಗೊತ್ತಿರಲಿಲ್ಲ. ಗೊತ್ತಾಗಿದ್ದು ಒಂದು ಟೇಬಲ್ಲಿನಿಂದ.

2022ರ ಸೆಪ್ಟೆಂಬರ್ ಕೊನೆ. ಇಯಾನ್ ಹರಿಕೇನ್ ನೇರ ಟ್ಯಾಂಪಾಕ್ಕೇ ಬರುತ್ತದೆ ಅಂತ ಮೊದಮೊದಲು ಹೇಳುತ್ತಿದ್ದರು. ಈ ಮನೆಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಎಲ್ಲರಂತೆ ನಾವೂ ಅಂಗಡಿಗೆ ಓಡಿದೆವು. ನೀರು, ಬ್ಯಾಟರಿ, ಬ್ರೆಡ್ಡು. ಸ್ನಾನದ ತೊಟ್ಟಿ ತುಂಬಿಸಿದೆವು. ಚಪಾತಿ ಮಾಡಿ ಕಟ್ಟಿಟ್ಟೆ. ನಮ್ಮ ಗಮನವೆಲ್ಲ ಅಡುಗೆಮನೆಯ ಮೇಲೆಯೇ. ಲನಾಯ್‌ಗೆ ಹೋಗಿ ಕುರ್ಚಿಗಳನ್ನು ಗೋಡೆಗೆ ಒತ್ತಿಟ್ಟು, ಪ್ಯಾಟಿಯೋದ ದೊಡ್ಡ ಕೊಡೆ ಮಡಚಿ ಬಂದೆವು. ಅಷ್ಟೊತ್ತಿಗೆ ಇಯಾನ್ ತಿರುಗಿತು ಅಂತ ಸುದ್ದಿ ಬಂತು. 28ರಂದು ಅದು ನೆಲ ಮುಟ್ಟಿದ್ದು ಫೋರ್ಟ್ ಮೈಯರ್ಸ್ ಹತ್ತಿರದ ಕಾಯೋ ಕೋಸ್ಟಾ ದ್ವೀಪದಲ್ಲಿ. ನಮ್ಮಿಂದ ನೂರು ಮೈಲಿ ದೂರ. ಬಚಾವಾದೆವು ಅಂತ ಸೀರಿಯಲ್ ಹಾಕಿಕೊಂಡು ಕೂತೆವು.

ರಾತ್ರಿ ಹಿಂದುಗಡೆ ಒಂದು ಸದ್ದು. ಹಂಚಿನ ಮೇಲೆ ಒಂದು ಬುಟ್ಟಿ ಜಲ್ಲಿ ಸುರಿದ ಹಾಗೆ. ಪ್ಯಾಟಿಯೋದಲ್ಲಿದ್ದ ಊಟದ ಟೇಬಲ್ಲಿನ ಗಾಜಿನ ಹಾಸು ಅದು. ಗಾಳಿ ಅದರಡಿಗೆ ನುಗ್ಗಿ, ಕಾವಲಿಯಿಂದ ದೋಸೆ ಎಬ್ಬಿಸಿದ ಹಾಗೆ ಎಬ್ಬಿಸಿ ನೆಲಕ್ಕೆ ಹೊಡೆದಿತ್ತು. ಈ ಗಾಜು ಚೂಪು ಚೂರಾಗುವುದಿಲ್ಲ, ಕಲ್ಲುಸಕ್ಕರೆಯಂಥ ಸಾವಿರ ಹರಳಾಗುತ್ತದೆ. ಹರಳುಗಳು ಪ್ಯಾಟಿಯೋ ಕಲ್ಲುಗಳ ಸಂದಿಯೊಳಗೆ ಕೂತವು. ಗುಡಿಸಿದರೆ ಬರಲಿಲ್ಲ, ವ್ಯಾಕ್ಯೂಮ್ ಹಾಕಿದರೆ ಅರ್ಧ ಬಂತು. ದೀಪಾವಳಿಗೆ ದೀಪ ಇಡಲು ಬಗ್ಗಿದಾಗಲೂ ಮಿಣಮಿಣ ಅನ್ನುತ್ತಿದ್ದವು. ಮಡಚಿಟ್ಟಿದ್ದ ಕೊಡೆ ಬುಡ ಸಮೇತ ಉರುಳಿ ಜಾಲರಿಗೆ ಚುಚ್ಚಿಕೊಂಡು ನಿಂತಿತ್ತು. ನೂರು ಮೈಲಿ ದೂರದ ಹರಿಕೇನ್‌ನ ಸೆರಗು ತಾಗಿದ್ದಕ್ಕೆ ಇಷ್ಟು.

ಮರುದಿನ ಪಕ್ಕದ ಮನೆಯ ಅಜ್ಜ ಬೇಲಿಯ ಹತ್ತಿರ ಬಂದರು. ಕ್ಯೂಬಾ ಮೂಲದವರು, ಎಂಬತ್ತರ ಹತ್ತಿರ ವಯಸ್ಸು. 1992ರ ಆಗಸ್ಟ್ 24ರಂದು ಆಂಡ್ರ್ಯೂ ಹರಿಕೇನ್ ಹೋಮ್‌ಸ್ಟೆಡ್ ಊರನ್ನು ನೆಲಸಮ ಮಾಡಿದಾಗ ಅಲ್ಲೇ ಇದ್ದವರು. ಫ್ಲೋರಿಡಾದಲ್ಲಿ ಮನೆ ಕಟ್ಟುವ ಕಾಯಿದೆ ಬಿಗಿಯಾಗಿದ್ದೇ ಆ ಆಂಡ್ರ್ಯೂ ನಂತರ. ಗಾಜು ಹೆಕ್ಕುತ್ತಿದ್ದ ನನ್ನನ್ನು ಸ್ವಲ್ಪ ಹೊತ್ತು ನೋಡಿ ಅವರು ಹೇಳಿದ್ದು ಇಷ್ಟು: ‘ನಿಮ್ಮ ಲನಾಯ್‌ನಲ್ಲಿ ಎಷ್ಟು ಸಾಮಾನಿದೆ ಎಣಿಸಿ. ಅಷ್ಟು ಕಲ್ಲು ನನ್ನ ಕಿಟಕಿಗೆ.’

ಸಿಟ್ಟು ಬಂತು. ಆಮೇಲೆ ಎಣಿಸಿದೆ. ಅರವತ್ತೊಂದು.

ನಂಬಲಿಕ್ಕಾಗಲಿಲ್ಲ, ಇನ್ನೊಮ್ಮೆ ಎಣಿಸಿದೆ. ಕುರ್ಚಿ ಆರು, ಪಾಟು ಇಪ್ಪತ್ತಮೂರು, ಅದರಡಿಯ ತಟ್ಟೆಗಳು, ನೀರು ಹಾಕುವ ಕ್ಯಾನು, ಮಗಳ ಹಳೇ ಸ್ಕೂಟರ್, ಸೊಳ್ಳೆ ಓಡಿಸುವ ಮೇಣದ ಡಬ್ಬಿ, ಸೋಲಾರ್ ದೀಪದ ಕಡ್ಡಿಗಳು, ಹೊರಗೆ ಅಡುಗೆ ಸುಡುವ ಗ್ಯಾಸ್ ಗ್ರಿಲ್ಲು, ಅದರ ಸಿಲಿಂಡರು. ಮೂಲೆಯಲ್ಲಿ ಸಂಡಿಗೆ ಒಣಗಿಸುವ ಪ್ಲಾಸ್ಟಿಕ್ ಹಾಳೆ, ಅದು ಹಾರದಿರಲಿ ಅಂತ ನಾಲ್ಕು ಕಲ್ಲು. ಅಜ್ಜ ಉಪಮೆ ಹೇಳಿದ್ದರೆ ನಾನು ನಿಜವಾದ ಕಲ್ಲನ್ನೇ ಕೂಡಿಟ್ಟಿದ್ದೆ.

ಗಾಳಿಯ ಲೆಕ್ಕ ನಮಗೆ ಸುಲಭಕ್ಕೆ ಹೊಳೆಯುವುದಿಲ್ಲ. ವೇಗ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟು. ಗಂಟೆಗೆ 35 ಮೈಲಿಯ ಗಾಳಿಗೆ ಅಲುಗಾಡುವ ಕುರ್ಚಿ 70 ಮೈಲಿಗೆ ಸ್ವಲ್ಪ ಜಾಸ್ತಿ ಅಲುಗಾಡುವುದಲ್ಲ, ಎದ್ದು ಹೊರಟೇಬಿಡುತ್ತದೆ. ಹರಿಕೇನ್ ಅಂತ ಹೆಸರು ಬರುವುದೇ 74 ಮೈಲಿಗೆ, ಅಂದರೆ ಸುಮಾರು 119 ಕಿಲೋಮೀಟರ್.

ಮುಂದಿನ ಮೇನಲ್ಲಿ ಕೆಲಸಕ್ಕೆ ಇಳಿದೆವು. ಅಪ್ಪನೂ ಇದ್ದರು. ಅವರು ಮಲೆನಾಡಿನವರು, ಮಳೆಗಾಲದ ತಯಾರಿ ಅವರಿಗೆ ಹೇಳಿಕೊಡಬೇಕೆ? ಮೃಗಶಿರಾ ಹಿಡಿಯುವ ಮೊದಲು ಸೌದೆ ಒಳಗೆ ಬರಬೇಕು, ಜಗಲಿಗೆ ಇರಚಲು ಹೊಡೆಯದ ಹಾಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಬೇಕು. ನಮ್ಮ ಲನಾಯ್ ನೋಡಿದವರೇ, ‘ಸುತ್ತ ಟಾರ್ಪಾಲು ಬಿಗಿದರೆ ಆಯ್ತಪ್ಪ’ ಅಂದರು. ಗ್ಯಾರೇಜಿನಿಂದ ಹಗ್ಗವನ್ನೂ ತಂದರು. ಕುರ್ಚಿ ಕುರ್ಚಿಗೆ ಕಟ್ಟಿ, ಕುರ್ಚಿಯನ್ನು ಕಂಬಕ್ಕೆ ಕಟ್ಟಿ, ಕೈ ಕೊಡವಿ ನಿಂತರು. ಗಂಟು ನೋಡಿದರೆ ಆನೆ ಕಟ್ಟಬಹುದು.

ತಪ್ಪಿರುವುದು ಅಲ್ಲೇ. ಊರಲ್ಲಿ ನಾವು ತಡೆಯುವುದು ಮಳೆಯನ್ನು. ಇಲ್ಲಿ ಗಾಳಿಗೆ ದಾರಿ ಬಿಡಬೇಕು. ಜಾಲರಿಯ ತೂತಿನಲ್ಲಿ ಗಾಳಿ ಹಾದುಹೋಗುವುದರಿಂದಲೇ ಆ ತೆಳ್ಳಗಿನ ಕಂಬಗಳು ನಿಂತಿರುವುದು. ಅದಕ್ಕೆ ಟಾರ್ಪಾಲು ಬಿಗಿದರೆ ಹಡಗಿಗೆ ಹಾಯಿ ಕಟ್ಟಿದ ಹಾಗೆ, ಚೌಕಟ್ಟೇ ಎದ್ದುಹೋಗುತ್ತದೆ. ಆರು ಕುರ್ಚಿ ಸೇರಿಸಿ ಕಂಬಕ್ಕೆ ಕಟ್ಟಿದರೂ ಅಷ್ಟೆ, ಕುರ್ಚಿಯ ಮೇಲೆ ಬೀಳುವ ಒತ್ತಡವೆಲ್ಲ ಕಂಬದ ಮೇಲೆ. ಲನಾಯ್ ಗಟ್ಟಿ ಮಾಡಲಿಕ್ಕೆ ಇರುವ ಜಾಗ ಅಲ್ಲ, ಖಾಲಿ ಮಾಡಲಿಕ್ಕೆ ಇರುವ ಜಾಗ. ಇದನ್ನು ಅಪ್ಪನಿಗೆ ಹೇಳಲು ನನಗೆ ಅರ್ಧ ದಿನ ಬೇಕಾಯಿತು. ‘ಕಟ್ಟುವುದೇ ಬೇಡ ಅಂದರೆ ಎಂತ ತಯಾರಿ ಮಾರಾಯ್ತಿ ಇದು?’ ಅಂತ ಹಗ್ಗ ಬಿಚ್ಚುತ್ತಾ ಗೊಣಗಿದರು.

ಖಾಲಿ ಮಾಡುವುದು ಅಂದರೆ ಎಲ್ಲಿಗೆ ಅನ್ನುವುದು ಮೊದಲ ಪ್ರಶ್ನೆ. ಅರವತ್ತೊಂದು ಸಾಮಾನಿಗೆ ಮನೆಯೊಳಗೆ ಜಾಗ ಇಲ್ಲ. ಹಾಗಾಗಿ ಅರ್ಧದಷ್ಟನ್ನು ಕೊಟ್ಟುಬಿಟ್ಟೆವು. ಗಾಜಿನ ಟೇಬಲ್ ಮತ್ತೆ ಕೊಳ್ಳಲಿಲ್ಲ, ಮಡಚುವ ಮರದ ಟೇಬಲ್ ಬಂತು. ಕುರ್ಚಿಯೂ ಮಡಚುವುದೇ. ಸಣ್ಣ ಪಾಟುಗಳನ್ನು ಹಳೇ ಹಾಲಿನ ಕ್ರೇಟುಗಳಲ್ಲಿ ಜೋಡಿಸಿಟ್ಟೆ, ಎತ್ತುವಾಗ ಒಂದೊಂದಾಗಿ ಎತ್ತುವ ಗೋಳಿಲ್ಲ. ದೊಡ್ಡ ಕರಿಬೇವಿನ ಪಾಟುಗಳನ್ನು ಒಳಗೆ ತರಲು ಆಗುವುದಿಲ್ಲ. ಅವನ್ನು ಗೋಡೆಯ ಮೂಲೆಯಲ್ಲಿ ಒತ್ತೊತ್ತಾಗಿ ಮಲಗಿಸುವುದು. ನಿಂತ ಗಿಡಕ್ಕೆ ಗಾಳಿ ಹೊಡೆಯುತ್ತದೆ, ಮಲಗಿದ್ದಕ್ಕೆ ಅಷ್ಟಿಲ್ಲ. ತುಳಸಿಯನ್ನು ಮಲಗಿಸಲು ನನಗೆ ಮನಸ್ಸಾಗಲಿಲ್ಲ. ಅದಕ್ಕೊಂದು ಚಕ್ರದ ಹಲಗೆ ತಂದೆ. ಈಗ ಎಲ್ಲಕ್ಕಿಂತ ಮೊದಲು ತುಳಸಿಯ ಸವಾರಿ ಒಳಗೆ ಬರುತ್ತದೆ.

ಗ್ರಿಲ್ಲಿನ ಸಿಲಿಂಡರ್ ಮಾತ್ರ ಒಳಗೆ ಬರುವಂತಿಲ್ಲ. ಗ್ಯಾರೇಜಿಗೂ ಬರಬಾರದು, ಸೋರಿದರೆ ಕಥೆ ಮುಗಿಯಿತು. ವಾಲ್ವ್ ಮುಚ್ಚಿ, ಬಿಚ್ಚಿ, ಹೊರಗೆ ಗೋಡೆಯ ಮರೆಯಲ್ಲಿ ನೆಟ್ಟಗೆ ನಿಲ್ಲಿಸಿ ಕಟ್ಟಬೇಕು. ಅಪ್ಪನ ಹಗ್ಗ ಉಪಯೋಗಕ್ಕೆ ಬಂದದ್ದು ಇಲ್ಲಿ. ಅವರಿಗೆ ಸ್ವಲ್ಪ ಸಮಾಧಾನವಾಯಿತು.

ಆಮೇಲೆ ಸ್ಕ್ರೂಗಳು. ಲನಾಯ್‌ನ ಚೌಕಟ್ಟು ಅಲ್ಯುಮಿನಿಯಂ, ತುಕ್ಕು ಹಿಡಿಯುವುದಿಲ್ಲ ಅಂತ ಎಲ್ಲರೂ ಆರಾಮಾಗಿರುತ್ತಾರೆ. ಅದನ್ನು ಕಾಂಕ್ರೀಟಿಗೆ ಹಿಡಿದಿರುವ ಸ್ಕ್ರೂ ಉಕ್ಕಿನದು. ನಮ್ಮವರು ಮಂಡಿಯೂರಿ ಕೂತು ಒಂದೊಂದನ್ನೇ ತಿರುಗಿಸಿ ನೋಡಿದರು. ಮೇಲೆ ಬಿಳಿ ಬಣ್ಣ ಚೆನ್ನಾಗಿಯೇ ಇತ್ತು. ತಿರುಗಿಸಿದರೆ ತಲೆ ಕಳಚಿ ಕೈಗೆ ಬಂತು, ಒಳಗೆ ಕೆಂಪು ಪುಡಿ. ಆ ಕಂಬ ಎರಡು ಮೂರು ವರ್ಷದಿಂದ ಅಭ್ಯಾಸಬಲದಿಂದ ನಿಂತಿತ್ತು ಅಂತ ಕಾಣುತ್ತದೆ. ಮೂವತ್ತನಾಲ್ಕು ಸ್ಕ್ರೂ ಬದಲಾಯಿಸಿದೆವು. ಖರ್ಚು ಅಂತ ದೊಡ್ಡದೇನಿಲ್ಲ, ಬೆನ್ನುನೋವು ಮಾತ್ರ ವಾರ ಇತ್ತು.

ಜೋರು ಹರಿಕೇನ್ ಬರುವುದಾದರೆ ಪಕ್ಕದ ಮನೆ ಅಜ್ಜ ಜಾಲರಿಯನ್ನೇ ಚಾಕುವಿನಲ್ಲಿ ಸೀಳಿಬಿಡುತ್ತಾರೆ. ಎಲೆ, ಕಸ ಬಂದು ಮೆತ್ತಿಕೊಂಡರೆ ಜಾಲರಿಯೂ ಗೋಡೆಯಂತೆಯೇ. ಜಾಲರಿ ಅಗ್ಗ, ಚೌಕಟ್ಟು ದುಬಾರಿ, ಅದು ಅವರ ಲೆಕ್ಕ. ಲೆಕ್ಕ ಸರಿಯೇ ಇರಬಹುದು. ಆದರೆ ಚೆನ್ನಾಗಿರುವುದನ್ನು ನನ್ನ ಕೈಯಾರೆ ಸೀಳಲು ಆಗಲಿಲ್ಲ. ಆ ವಿಷಯದಲ್ಲಿ ನಾನಿನ್ನೂ ಹೆಡ್ಡಿಯೇ.

ಯಾರೂ ಹೇಳದ ಒಂದು ಕೆಲಸ ಇದೆ. ಲನಾಯ್‌ಗೆ ತೆರೆಯುವ ಸರಿಯುವ ಗಾಜಿನ ಬಾಗಿಲು ಓಡಾಡುವ ಹಳಿ ಇರುತ್ತದಲ್ಲ, ಅದರ ಹೊರಬದಿಯಲ್ಲಿ ಬೆರಳ ತುದಿಯಷ್ಟು ಸಣ್ಣ ಸೀಳುಗಳಿರುತ್ತವೆ. ಹಳಿಯೊಳಗೆ ಬಿದ್ದ ನೀರು ಹೊರಗೆ ಹೋಗಲಿ ಅಂತ. ಇಷ್ಟು ವರ್ಷ ನಾನು ಅವನ್ನು ಕಂಡೇ ಇರಲಿಲ್ಲ. ಹಳೇ ಹಲ್ಲುಜ್ಜುವ ಬ್ರಷ್ಷು, ಒಂದು ಹೇರ್‌ಪಿನ್ನು ಹಿಡಿದುಕೊಂಡು ಕೂತೆ. ಒಣಗಿದ ಇರುವೆ, ಕೂದಲು, ಅಕ್ಕಿ ಕಾಳು, ಮಗಳ ಬ್ರೇಸ್‌ಲೆಟ್ಟಿನ ಎರಡು ಮಣಿ. ಪಿನ್ನು ಚುಚ್ಚಿ ಎಳೆದರೆ ಕಪ್ಪು ಬತ್ತಿಯಂಥದ್ದು ಈಚೆ ಬಂತು. ಒಂದು ಚೊಂಬು ನೀರು ಸುರಿದೆ. ಮೊದಲು ಸುಮ್ಮನೆ ನಿಂತಿತು, ಆಮೇಲೆ ಗುಳ್ಳೆ ಬಂತು, ಆಮೇಲೆ ಸೊರ್ ಅಂತ ಹೊರಗಿಳಿಯಿತು. ಅಡ್ಡಮಳೆ ಬಂದಾಗ ಈ ಸೀಳು ಕಟ್ಟಿಕೊಂಡಿದ್ದರೆ ಹಳಿ ತುಂಬಿ ನೀರು ಒಳಮುಖವಾಗಿ ಹರಿದು ಹಾಲ್‌ನ ಮರದ ನೆಲಕ್ಕೆ ಬರುತ್ತದೆ. ಮನೆಯೊಳಗೆ ನೀರು ಬರಲು ಪ್ರವಾಹವೇ ಆಗಬೇಕೆಂದೇನಿಲ್ಲ.

ಆ ಗಾಜಿನ ಬಾಗಿಲಿಗೆ ಹೊರಗಿನಿಂದ ಅಲೆಅಲೆಯಾದ ಅಲ್ಯುಮಿನಿಯಂ ತಗಡು ಕೂರಿಸುತ್ತಾರೆ. ಗಾಜಿಗೆ ಅಡ್ಡಡ್ಡ ಟೇಪು ಅಂಟಿಸುವುದರಿಂದ ಏನೂ ಪ್ರಯೋಜನ ಇಲ್ಲ, ಒಡೆಯುವುದು ಒಡೆಯುತ್ತದೆ. ನಮ್ಮ ತಗಡುಗಳನ್ನು ಹಿಂದಿನ ಮಾಲೀಕರು ಗ್ಯಾರೇಜಿನಲ್ಲಿ ಬಿಟ್ಟು ಹೋಗಿದ್ದರು. ಮೇಲೆ ಬರೆದಿದ್ದ ನಂಬರು ಅರ್ಧ ಅಳಿಸಿತ್ತು. ಯಾವುದು ಎಲ್ಲಿಗೆ ಅಂತ ಹುಡುಕುವುದರಲ್ಲೇ ಮೊದಲ ತಾಲೀಮಿನ ಎರಡು ಗಂಟೆ ಹೋಯಿತು. ಅಂಚು ಕತ್ತಿಯ ಹಾಗೆ. ಕೈಗವಸು ಇಲ್ಲದೆ ಮುಟ್ಟಿದ್ದಕ್ಕೆ ನಮ್ಮವರ ಹೆಬ್ಬೆರಳಿನಲ್ಲಿ ಇನ್ನೂ ಗುರುತಿದೆ. ಈಗ ಪ್ರತಿ ತಗಡಿನ ಮೇಲೆ ಮಾರ್ಕರಿನಲ್ಲಿ ಕನ್ನಡ ಅಕ್ಷರ. ಎಡದಿಂದ ಅ, ಆ, ಇ, ಈ. ಮಗಳು ಕನ್ನಡ ಕಲಿತದ್ದು ಹೀಗೂ ಸ್ವಲ್ಪ. ಅವನ್ನು ಬಿಗಿಯುವ ಎರಡು ಕಿವಿಯ ನಟ್ಟುಗಳನ್ನು ಖಾಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಟ್ಟಿದ್ದೇವೆ. ಎಷ್ಟು ಜೋಪಾನ ಮಾಡಿದರೂ ವರ್ಷಕ್ಕೆ ಎರಡು ಕಡಿಮೆಯಾಗುತ್ತವೆ. ಒಂದು ಬಾಗಿಲಿಗೆ ಮಾತ್ರ ತಗಡು ಹಾಕುವುದಿಲ್ಲ. ಒಳಗೆ ಬೆಂಕಿ ಬಿದ್ದರೆ ಓಡಲು ದಾರಿ ಬೇಕಲ್ವಾ?

ಮರ ಸವರುವುದೂ ಮೇನಲ್ಲೇ ಮುಗಿಯಬೇಕು. ಹರಿಕೇನ್ ಹೆಸರು ಬಂದ ಮೇಲೆ ಕೊಂಬೆ ಕಡಿದು ರಸ್ತೆ ಬದಿಗೆ ಹಾಕಿದರೆ ಎತ್ತಿಕೊಂಡು ಹೋಗುವವರು ಬರುವುದಿಲ್ಲ, ಕಡಿದ ಕೊಂಬೆಯೇ ಬಾಣ. ಪಾಮ್ ಮರದ ಗರಿಗಳನ್ನೆಲ್ಲ ಬೋಳಿಸಿ ತುದಿಯಲ್ಲಿ ನಾಲ್ಕು ಬಿಡುವ ಚಾಳಿ ಇಲ್ಲಿದೆ. ಅದು ಮರಕ್ಕೆ ಒಳ್ಳೆಯದಲ್ಲ, ಹಸಿರು ಗರಿ ಬಿಟ್ಟು ಒಣಗಿದ್ದನ್ನು ಮಾತ್ರ ತೆಗೆಯಬೇಕು. ಫೋರ್ಟ್ ಮೈಯರ್ಸ್ ಕಡೆಯ ಗೆಳತಿಗೆ ತೆಂಗಿನ ಮರಗಳಿವೆ. ಅವಳು ಮೇ ಕೊನೆಗೆ ಕಾಯಿಗಳನ್ನೆಲ್ಲ ಕೀಳಿಸುತ್ತಾಳೆ. ಚಟ್ನಿಗಲ್ಲ, ಕಿಟಕಿ ಉಳಿಸಿಕೊಳ್ಳಲು.

ಇನ್ಶೂರೆನ್ಸ್ ಬಗ್ಗೆ ಎರಡು ಮಾತು, ಯಾಕೆಂದರೆ ಅದರಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಲನಾಯ್‌ನ ಜಾಲರಿ ಮನೆಯ ಪಾಲಿಸಿಯಲ್ಲಿ ಇದೆ ಅಂತ ನಾನು ಅಂದುಕೊಂಡಿದ್ದೆ, ಇರಲಿಲ್ಲ. ಎಷ್ಟೋ ಪಾಲಿಸಿಗಳಲ್ಲಿ ಇರುವುದಿಲ್ಲ, ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕು. ಹರಿಕೇನ್‌ಗೆ ಕೈಯಿಂದ ಕಟ್ಟುವ ಪಾಲೂ ಬೇರೆ, ಸಾಮಾನ್ಯವಾಗಿ ಮನೆಯ ವಿಮೆ ಮೊತ್ತದ ಶೇಕಡಾ 2. ನಾಲ್ಕು ಲಕ್ಷ ಡಾಲರಿನ ವಿಮೆ ಇದ್ದರೆ ಮೊದಲ ಎಂಟು ಸಾವಿರ ನಮ್ಮದೇ ಜೇಬಿನಿಂದ. ಪ್ರವಾಹದ್ದು ಇನ್ನೊಂದು ಪಾಲಿಸಿ. ಸರ್ಕಾರದ್ದಾದರೆ ತೆಗೆದುಕೊಂಡ 30 ದಿನದ ಮೇಲೆಯೇ ಸಾಮಾನ್ಯವಾಗಿ ಜಾರಿ, ಅದರಲ್ಲೂ ಪ್ಯಾಟಿಯೋ, ಬೇಲಿ ಸೇರುವುದಿಲ್ಲ. ಗಲ್ಫಿನಲ್ಲಿ ಹರಿಕೇನ್ ಕಾಣಿಸಿಕೊಂಡ ಮೇಲೆ ಫೋನು ಮಾಡಿದರೆ ‘ಈಗ ಹೊಸದೇನೂ ಬರೆಯುವುದಿಲ್ಲ’ ಅನ್ನುತ್ತಾರೆ. ಅದಕ್ಕೇ ಮೇನಲ್ಲಿ ಲನಾಯ್‌ನ ಮೂಲೆಮೂಲೆಯನ್ನೂ ವೀಡಿಯೋ ಮಾಡಿ ಇಟ್ಟುಕೊಳ್ಳುತ್ತೇನೆ.

ಕೊನೆಗೆ ತೂಗುಮಣೆ. ಕೆಳಗೆ ಎರಡು ಸ್ಟೂಲು ಇಟ್ಟು ಹಲಗೆಯ ಭಾರ ಅದರ ಮೇಲೆ ಕೂರಿಸಬೇಕು. ಆಮೇಲೆ ಏಣಿ ಹತ್ತಿ ಕೊಕ್ಕೆ ಕಳಚುವುದು. ನಾಲ್ಕು ಸರಪಳಿಗೂ ನಾಲ್ಕು ಬಣ್ಣದ ದಾರ ಕಟ್ಟಿದ್ದೇನೆ. ಒಂದು ಅದಲು ಬದಲಾದರೂ ಮಣೆ ಒಂದು ಪಕ್ಕ ವಾಲುತ್ತದೆ. ಮಗಳು ಕೆಳಗೆ ಬಟ್ಟಲು ಹಿಡಿದು ನಿಂತಿರುತ್ತಾಳೆ, ಕೊಕ್ಕೆಯ ಪಿನ್ನು ಬಿದ್ದು ಉರುಳಿದರೆ ಸಿಗುವುದಿಲ್ಲ. ಮೊದಲ ವರ್ಷ ಇಡೀ ಕೆಲಸಕ್ಕೆ ಆರು ಗಂಟೆ ಹಿಡಿಯಿತು. ಎರಡನೇ ವರ್ಷ ಮೂರೂವರೆ.

ಪರೀಕ್ಷೆ ಬಂದದ್ದು 2024ರಲ್ಲಿ. ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಉತ್ತರದ ಪೆರಿ ಊರಿನ ಹತ್ತಿರ ನೆಲ ಮುಟ್ಟಿತು. ನಮ್ಮ ತೀರದಿಂದ ನೂರು ಮೈಲಿಗೂ ಆಚೆ ಕಡಲಲ್ಲೇ ಹಾದುಹೋದರೂ ಟ್ಯಾಂಪಾ ಕೊಲ್ಲಿಯ ತೀರದ ಮನೆಗಳಿಗೆ ಹಿಂದೆಂದೂ ಕಾಣದಷ್ಟು ನೀರು ನುಗ್ಗಿಸಿತು. ನಮಗೆ ಗಾಳಿ, ಮಳೆ ಅಷ್ಟೆ. ಸಾಮಾನೆಲ್ಲ ಒಳಗೆ ತಂದವರು ಮತ್ತೆ ಹೊರಗಿಟ್ಟೆವು. ಹತ್ತು ದಿನವೂ ಆಗಿರಲಿಲ್ಲ, ಮಿಲ್ಟನ್ ಅಂತ ಹೊಸ ಹೆಸರು ಬಂತು. ಅಕ್ಟೋಬರ್ 7, ಸೋಮವಾರ, ಒಂದೇ ದಿನದಲ್ಲಿ ಮೊದಲನೇ ದರ್ಜೆಯಿಂದ ಎಲ್ಲಕ್ಕಿಂತ ಜೋರಾದ ಐದನೇ ದರ್ಜೆಗೆ ಏರಿ ಗಂಟೆಗೆ 180 ಮೈಲಿ ಗಾಳಿ ಬೀಸುತ್ತಾ ಕೂತಿತು. ಆಫೀಸಿನಲ್ಲಿ ಕೂತು ಆ ಅಂಕಿ ನೋಡಿದಾಗ ಬಾಯಿ ಒಣಗಿತು. ಸಂಜೆಗೆ ಪೆಟ್ರೋಲ್ ಬಂಕುಗಳು ಖಾಲಿ. ಪ್ಲೈವುಡ್ ಅಂತೂ ಕೇಳಲೇಬೇಡಿ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದೆವು. ಯಾರೂ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ತುಳಸಿ ಒಳಗೆ ಬಂತು, ಕ್ರೇಟುಗಳು ಬಂದವು, ಅ ಆ ಇ ಈ ಕೂತವು, ನಟ್ಟು ಎರಡು ಕಡಿಮೆ ಬಿದ್ದವು, ಮಣೆ ಇಳಿಯಿತು. ಹತ್ತು ನಲವತ್ತಕ್ಕೆ ಮುಗಿಯಿತು. ಎರಡು ಗಂಟೆ ನಲವತ್ತು ನಿಮಿಷ. ಉಳಿದ ಹೊತ್ತು ನಮ್ಮವರು ಅಜ್ಜನ ಮನೆಗೆ ತಗಡು ಹಾಕಲು ಹೋದರು.

ಮಧ್ಯಾಹ್ನ ಸಮುದ್ರ ತೀರದ ಪಿನೆಲ್ಲಾಸ್ ಕಡೆಯ ಒಂದು ಕನ್ನಡ ಕುಟುಂಬ ನಮ್ಮಲ್ಲಿಗೆ ಬಂತು. ಅವರಿಗೆ ಮನೆ ಬಿಟ್ಟು ಹೊರಡುವಂತೆ ಆದೇಶವಾಗಿತ್ತು. ಹೆಲೀನ್‌ಗೆ ಸೊಂಟದ ತನಕ ನೀರು ಬಂದ ಮನೆ. ‘ನಮ್ಮ ಸೋಫಾ, ಹಾಸಿಗೆ ಎಲ್ಲಾ ಇನ್ನೂ ರಸ್ತೆ ಬದಿಯಲ್ಲೇ ರಾಶಿ ಬಿದ್ದಿದೆ ಅಕ್ಕ. ನಾಳೆ ಅದೇ ಯಾರ ಮನೆಗೆ ಹೋಗಿ ಬಡಿಯುತ್ತೋ’ ಅಂದಳು ಆಕೆ. ಆ ಬೀದಿಗಳ ಕಸ ಸಾಗಿಸಲು ಹಗಲು ರಾತ್ರಿ ಲಾರಿ ಓಡಿಸಿದರು, ಆದರೂ ಎಲ್ಲ ಮುಗಿಯಲಿಲ್ಲ.

ನವರಾತ್ರಿ ನಡೆಯುತ್ತಿತ್ತು. ಹಾಲ್‌ನಲ್ಲಿ ಅತ್ತೆ ಕೊಟ್ಟ ಪಟ್ಟದ ಗೊಂಬೆ ಕೂರಿಸಿ ಐದು ಮೆಟ್ಟಿಲು ಮಾಡಿದ್ದೆ. ಈಗ ಅದರ ಎಡಕ್ಕೆ ಮಡಚಿದ ಕುರ್ಚಿ, ಬಲಕ್ಕೆ ತುಳಸಿ, ಹಿಂದೆ ಗೋಡೆಗೆ ಒರಗಿದ ತೂಗುಮಣೆ, ಮುಂದೆ ಇಪ್ಪತ್ತು ಪಾಟು. ಆಕೆ ಅಷ್ಟು ಸಂಕಟದಲ್ಲೂ ಒಂದು ಕ್ಷಣ ನಿಂತು, ‘ಈ ಸಲದ ಥೀಮ್ ಏನಕ್ಕ?’ ಅಂತ ಕೇಳಿದಳು. ‘ಹಿತ್ತಿಲು’ ಅಂದೆ. ಇಬ್ಬರೂ ನಕ್ಕೆವು, ಆಮೇಲೆ ಅವಳು ಅತ್ತಳು.

ಬುಧವಾರ, 9ರ ರಾತ್ರಿ ಎಂಟೂವರೆ ಹೊತ್ತಿಗೆ ಮಿಲ್ಟನ್ ಸರಸೋಟಾ ಹತ್ತಿರದ ಸಿಯೆಸ್ಟಾ ಕೀಯಲ್ಲಿ ನೆಲ ಮುಟ್ಟಿತು, ಮೂರನೇ ದರ್ಜೆಗೆ ಇಳಿದು. ದಕ್ಷಿಣಕ್ಕೆ ಬಿದ್ದಿದ್ದರಿಂದ ಟ್ಯಾಂಪಾ ಕೊಲ್ಲಿಗೆ ನೀರು ನುಗ್ಗುವ ಬದಲು ಹೊರಕ್ಕೇ ಸರಿಯಿತು. ಗಾಳಿ ಬಿಡಲಿಲ್ಲ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಬೀಸು 100 ಮೈಲಿ ದಾಟಿತು, ಅಲ್ಲಿನ ಬೇಸ್‌ಬಾಲ್ ಸ್ಟೇಡಿಯಂ ಟ್ರಾಪಿಕಾನಾ ಫೀಲ್ಡ್‌ನ ಬಟ್ಟೆಯ ಮಾಡು ಹರಿದು ಚಿಂದಿಯಾಯಿತು. ಮಳೆ 18 ಇಂಚಿಗೂ ಜಾಸ್ತಿ. ನಮ್ಮಲ್ಲಿ ಹತ್ತಕ್ಕೆ ಕರೆಂಟು ಹೋಯಿತು. ತಗಡು ಹಾಕಿದ ಮನೆಯ ಕತ್ತಲು ಬೇರೆ ಥರದ್ದು, ಮಿಂಚೂ ಕಾಣುವುದಿಲ್ಲ. ಕೇಳಿಸುವುದು ಮಾತ್ರ. ತಗಡು ಗುಂಯ್ ಅನ್ನುತ್ತದೆ, ನಿಲ್ಲುತ್ತದೆ, ಯಾರೋ ಭುಜ ಕೊಟ್ಟು ತಳ್ಳಿದ ಹಾಗೆ ಒಮ್ಮೆ ಒಳಕ್ಕೆ ಬರುತ್ತದೆ. ಈ ಗದ್ದಲದ ನಡುವೆ ಇನ್ನೊಂದು ಸದ್ದು. ಟಿಣ್ ಟಿಣ್ ಟಿಣ್.

ನಾನೂ ನಮ್ಮವರೂ ಮುಖ ಮುಖ ನೋಡಿಕೊಂಡೆವು. ಮುಂಬಾಗಿಲ ಪೋರ್ಚಿನ ಗಾಳಿಗಂಟೆ.

ಎರಡು ವರ್ಷ ತಾಲೀಮು ಮಾಡಿದ್ದು ಹಿಂದುಗಡೆಯದ್ದು. ಮುಂದಿನ ಪೋರ್ಚ್ ಪಟ್ಟಿಯಲ್ಲೇ ಇರಲಿಲ್ಲ. ನಾಲ್ಕಡಿ ಜಾಗ, ಅದರಲ್ಲೇನಿದೆ ಅಂತ. ಇದ್ದದ್ದು ಗಾಳಿಗಂಟೆ, ಚಪ್ಪಲಿ ಸ್ಟ್ಯಾಂಡು, ಎಂಟು ಜೊತೆ ಚಪ್ಪಲಿ, ಹೆಸರಿನ ಹಲಗೆ, ಪ್ಲಾಸ್ಟಿಕ್ ತೋರಣ. ಆ ಹೊತ್ತಲ್ಲಿ ಬಾಗಿಲು ತೆರೆಯುವ ಮಾತೇ ಇಲ್ಲ. ಹನ್ನೊಂದರ ಸುಮಾರಿಗೆ ಟಿಣ್ ಟಿಣ್ ನಿಂತಿತು.

ಬೆಳಿಗ್ಗೆ ಲನಾಯ್ ತೊಳೆದಿಟ್ಟ ಹಾಗೆ ಖಾಲಿ ಇತ್ತು. ಗೋಡೆಗೆಲ್ಲ ಓಕ್ ಎಲೆ ಅರೆದು ಬಳಿದಂತೆ ಅಂಟಿತ್ತು. ಜಾಲರಿ ಎರಡು ಕಡೆ ಹರಿದಿತ್ತು, ಚೌಕಟ್ಟು ಮಿಸುಕಿರಲಿಲ್ಲ. ಹಳಿಯಲ್ಲಿ ಒಂದು ಹನಿ ನಿಂತಿರಲಿಲ್ಲ. ಹುಲ್ಲಿನ ಮೇಲೆ ಯಾರದೋ ನೀಲಿ ಪ್ಲಾಸ್ಟಿಕ್ ಕುರ್ಚಿ ಕಾಲು ಮೇಲೆ ಮಾಡಿ ಬಿದ್ದಿತ್ತು. ಯಾರೂ ಕೇಳಿಕೊಂಡು ಬರಲಿಲ್ಲ. ನಮ್ಮ ಗಾಳಿಗಂಟೆಯೂ ಯಾರದ್ದೋ ಹುಲ್ಲಿನ ಮೇಲೆ ಬಿದ್ದಿರಬೇಕು. ಚಪ್ಪಲಿಗಳು ಬೀದಿಯ ಉದ್ದಕ್ಕೂ ಸಿಕ್ಕವು, ಐದು ಜೊತೆ ಪೂರ್ತಿ, ಮೂರು ಒಂಟಿ.

ಫ್ಲೋರಿಡಾದಲ್ಲಿ 30 ಲಕ್ಷಕ್ಕೂ ಹೆಚ್ಚು ಕಡೆ ಕರೆಂಟು ಹೋಗಿತ್ತು. ನಮಗೆ ಬಂದದ್ದು ನಾಲ್ಕನೇ ದಿನ, ಹಾಗಾಗಿ ಆಯುಧಪೂಜೆ ಮೇಣದಬತ್ತಿಯಲ್ಲಿ ಆಯಿತು. ಎದುರು ಮನೆಯ ಹುಡುಗರು ಜನರೇಟರ್ ನೆನೆಯದಿರಲಿ ಅಂತ ಲನಾಯ್‌ನ ಮಾಡಿನ ಕೆಳಗೇ ಇಟ್ಟು ಚಾಲೂ ಮಾಡಿದ್ದರು. ಅಜ್ಜ ಕೋಲೂರಿಕೊಂಡು ಹೋಗಿ ಆಫ್ ಮಾಡಿಸಿ ಬಂದರು. ಮನೆಯಿಂದ ಇಪ್ಪತ್ತು ಅಡಿಯಾದರೂ ದೂರ ಇರಬೇಕು. ಅದರ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಗಾಳಿಯಿಂದ ಬದುಕಿ ಇದಕ್ಕೆ ಸತ್ತವರಿದ್ದಾರೆ ಅಂತ ಅಜ್ಜ ಬಹಳ ಹೊತ್ತು ಬೈಯುತ್ತಿದ್ದರು. ನಮಗೂ ಒಂದು ಪತ್ರ ಬಂತು, ಬಡಾವಣೆಯ ಸಂಘದಿಂದ, ತಗಡು ಯಾಕಿನ್ನೂ ತೆಗೆದಿಲ್ಲ ಅಂತ. ಹನ್ನೆರಡು ದಿನ ಬಿಟ್ಟಿದ್ದೆವು. ಸೋಮಾರಿತನ, ಬೇರೇನಿಲ್ಲ.

ಅಪ್ಪ ಈಗ ಊರಲ್ಲಿ. ಮೇ ಬಂತೆಂದರೆ ಫೋನಿನಲ್ಲಿ ಮೊದಲ ಮಾತು ಅದೇ. ‘ಮಣೆ ಇಳಿಸಿದ್ರನೇ?’

‘ಇಳಿಸಿದ್ವಿ ಅಪ್ಪ. ಎರಡು ಗಂಟೆ ಹತ್ತು ನಿಮಿಷ.’

‘ಮುಂದಿನ ಬಾಗಿಲಿಂದು?’

‘ಅದೂ ಸೇರಿಸಿ.’

‘ಹಗ್ಗ?’

‘ಸಿಲಿಂಡರಿಗೆ ಮಾತ್ರ.’

ಆ ಕಡೆಯಿಂದ ಹೂಂ ಅಂತ ಒಂದು ಸದ್ದು, ಒಪ್ಪಿದ್ದೂ ಅಲ್ಲ, ಬಿಟ್ಟದ್ದೂ ಅಲ್ಲ.

ಈ ಸಲ ಇಳಿಸುವಾಗ ನೋಡಿದರೆ, ಹಸಿರು ದಾರದ ಸರಪಳಿಯ ಕೊಕ್ಕೆ ಅರ್ಧ ಸವೆದಿದೆ. ಬೆರಳಾಡಿಸಿದರೆ ಗೀರು ಸಿಗುತ್ತದೆ. ಸಂಜೆ ಮಣೆ ನೇತು ಹಾಕಿದೆವು, ಆದರೆ ಹೊಸ ಕೊಕ್ಕೆ ಬರುವ ತನಕ ಯಾರೂ ಕೂರುವಂತಿಲ್ಲ. ಮಗಳು ಹಲಗೆಯ ಮೇಲೆ ಚೀಟಿ ಅಂಟಿಸಿದ್ದಾಳೆ: ‘ಕೂರಬೆಡಿ’. ದೀರ್ಘ ಹಾಕಲು ಮರೆತಿದ್ದಾಳೆ. ತಗಡುಗಳ ಮೇಲೆ ಇನ್ನೂ ಏ ತನಕ ಬಂದಿಲ್ಲ.